ಫ್ಲ್ಯಾಶ್ ಚೆನ್ನಾಗಿದೆ, ನಡುವೆ ಏನಿದೆ?

ನಮ್ಮಲ್ಲಿ ಹೈಡ್ರಾಲಿಕ್ ಸಿಲಿಂಡರಿನ ಪಿಸ್ಟನ್ ರಾಡಿಗೆ ಐ-ಎಂಡ್ (ಪಿನ್ ಹಾಕಲು ತೂತಿರುವ ತುದಿ) ಕೂಡಿಸುವುದು ಫ್ರಿಕ್ಷನ್ ವೆಲ್ಡಿಂಗಿನಲ್ಲಿ. ರಾಡ್ ಚಕ್ಕಿನಲ್ಲಿ ತಿರುಗುತ್ತದೆ, ಐ-ಎಂಡ್ ಎದುರಿನಿಂದ ಒತ್ತುತ್ತದೆ. ರಾಡೂ ಇಲ್ಲ, ಗ್ಯಾಸೂ ಇಲ್ಲ (ಇಲ್ಲಿ ಹೇಳಿದ್ದು ವೆಲ್ಡಿಂಗ್ ರಾಡ್!). ಉಕ್ಕು ಕರಗುವುದೂ ಇಲ್ಲ. ಕೆಂಪಗೆ ಮೆತ್ತಗಾದ ಕೂಡಲೇ ಸ್ಪಿಂಡಲ್ ನಿಲ್ಲಿಸಿ ಫೋರ್ಜ್ ಪ್ರೆಶರ್, ಅಂದರೆ ಕೊನೆಯ ಜೋರು ಒತ್ತು, ಕೊಟ್ಟರೆ ಮುಗಿಯಿತು. ಹೊರಗೆ ಉಕ್ಕಿ ಬಂದ ಫ್ಲ್ಯಾಶ್ ಕೋಡುಬಳೆಯ ಹಾಗೆ ಸುತ್ತಲೂ ಸಮನಾಗಿ ಕೂತಿದ್ದರೆ ಆಪರೇಟರ್ ಖುಷಿ.

ಒಂದು ಲಾಟ್‌ನಲ್ಲಿ ಆ ಖುಷಿ ನಿಲ್ಲಲಿಲ್ಲ. ಫ್ಲ್ಯಾಶ್ ಸರಿ, ಒತ್ತಿದಾಗ ಉದ್ದ ಕಡಿಮೆಯಾದದ್ದೂ ಲೆಕ್ಕಕ್ಕೆ ಸರಿ, ಬೆಂಡ್ ಟೆಸ್ಟೂ ಪಾಸ್. ಯಾಕೋ ಒಂದು ಪೀಸನ್ನು ಉದ್ದಕ್ಕೆ ಸೀಳಿ, ಪಾಲಿಶ್ ಮಾಡಿ ನೈಟಾಲ್ (ಉಕ್ಕಿನ ಒಳರಚನೆ ಕಾಣಿಸುವ ಆಸಿಡ್ ದ್ರಾವಣ) ಹಚ್ಚಿಸಿದೆ. ಜಾಯಿಂಟಿನ ನಟ್ಟನಡುವೆ ಕಪ್ಪು ಚುಕ್ಕೆ, ಕೂಡಿಕೊಂಡೇ ಇಲ್ಲ. ಟರ್ನಿಂಗ್ ಮಾಡಿಕೊಟ್ಟವರು ವೆಲ್ಡ್ ಆಗುವ ಮುಖದಲ್ಲೂ ಸೆಂಟರ್ ಹೋಲ್ (ಲೇತಿನಲ್ಲಿ ಆಧಾರ ಕೊಡಲು ತುದಿಯ ನಡುವೆ ಕೊರೆಯುವ ಸಣ್ಣ ತೂತು) ಬಿಟ್ಟಿದ್ದರು.

30 ಎಂಎಂ ರಾಡ್ 1500 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ನಿಮಿಷಕ್ಕೆ ಸುಮಾರು 141 ಮೀಟರ್. ಅರ್ಧ ದಾರಿ ಒಳಗೆ ಬಂದರೆ 70. ನಡುವಿನಲ್ಲಿ ಸೊನ್ನೆ. ಅಂದರೆ ಅಲ್ಲಿ ಉಜ್ಜಾಟವೇ ಇಲ್ಲ, ಬಿಸಿ ಹೊರಗಿನಿಂದ ಹರಿದು ಬರಬೇಕು. ಅಂಚಿನ ತುಕ್ಕು, ಎಣ್ಣೆ ಫ್ಲ್ಯಾಶ್ ಜೊತೆ ಆಚೆ ಹೋಗುತ್ತವೆ; ತೂತಿನೊಳಗಿನ ಕೊಳೆಗೆ ಹೊರಬೀಳಲು ದಾರಿಯಿಲ್ಲ. ಸೈಕಲ್ ಟೈಮ್ ಉಳಿಸಲು ಫ್ರಿಕ್ಷನ್ ಟೈಮ್ ಕತ್ತರಿಸಿದರೂ ಮೊದಲು ಕೈಕೊಡುವುದು ಇದೇ ನಡುಭಾಗ.

ಬೆಂಡ್ ಟೆಸ್ಟ್ ಹೇಗೆ ಪಾಸಾಯಿತು? ಬಾಗಿಸಿದಾಗ ಎಳೆತವೆಲ್ಲ ಹೊರಮೈ ಮೇಲೆ, ನಡುವಿಗೆ ಹೆಚ್ಚುಕಡಿಮೆ ಏನೂ ತಾಗುವುದಿಲ್ಲ. ಗಟ್ಟಿ ಇರುವ ಕಡೆಯನ್ನೇ ಪರೀಕ್ಷೆ ಮಾಡಿ ಮಾರ್ಕ್ಸ್ ಕೊಟ್ಟ ಹಾಗಾಯಿತು.

"4 ಎಂಎಂ ಚುಕ್ಕೆ ಅಂದ್ರೆ ಏರಿಯಾದಲ್ಲಿ 2 ಪರ್ಸೆಂಟೂ ಇಲ್ಲ, ಬಿಡಿ ಸಾರ್" ಅಂದರು ಪ್ರೊಡಕ್ಷನ್‌ನವರು. ಲೆಕ್ಕ ಸರಿಯೇ. ಆದರೆ ರಾಡ್ ಒಂದೇ ಸಲ ಎಳೆಸಿಕೊಂಡು ಸುಮ್ಮನಿರುವ ವಸ್ತುವಲ್ಲ. ಎಳೆತ, ಒತ್ತಡ, ಮತ್ತೆ ಎಳೆತ. ಬಿರುಕು ಶುರುವಾಗಲು ಅಷ್ಟು ಜಾಗ ಧಾರಾಳ. ಲಾಟ್ ತಡೆಹಿಡಿದೆವು.

ಈಗ ವೆಲ್ಡ್ ಮುಖದಲ್ಲಿ ಸೆಂಟರ್ ಹೋಲ್ ಇರಕೂಡದು ಅಂತ ಡ್ರಾಯಿಂಗಿನಲ್ಲೇ ಬರೆಸಿದ್ದೇವೆ. ಟರ್ನಿಂಗಿಗೆ ಬೇಕೇಬೇಕು ಅಂದರೆ ರಾಡ್ ಸ್ವಲ್ಪ ಉದ್ದ ಇಟ್ಟುಕೊಂಡು, ಕೊನೆಗೆ ಆ ತುದಿ ಕತ್ತರಿಸಿ ಕೊಡಬೇಕು. ಮೆಟೀರಿಯಲ್ ವೇಸ್ಟ್ ಅಂತ ಪರ್ಚೇಸ್‌ನವರು ಇನ್ನೂ ಗೊಣಗುತ್ತಾರೆ. ಸೆಟಪ್ ಬದಲಾದಾಗಲೆಲ್ಲ ಮೊದಲ ಪೀಸ್ ಸೀಳುತ್ತೇವೆ, ಅದಕ್ಕೂ ಗೊಣಗುತ್ತಾರೆ.