ಸೊಂಟದ ಅಳತೆ

ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಶಿವಮೊಗ್ಗ ತಲುಪಿದ ನಾನೂ ನನ್ನ ಓರಗಿತ್ತಿಯೂ ಆ ದಿನ ಪರೀಕ್ಷೆಗೆ ರಕ್ತ ಕೊಡಲಾಗದೆ ವಿನೋಬನಗರದ ತಂಗಿಯ ಮನೆಯಲ್ಲಿ ಉಳಿಯಬೇಕಾದದ್ದು ಒಂದು ಲೋಟ ಕಷಾಯದಿಂದ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರು. ಕಷಾಯವೇನು ತಿಂಡಿಯೇ ಎಂದು ಇಬ್ಬರೂ ಕುಡಿದೇ ಬಸ್ಸು ಹತ್ತಿದ್ದೆವು. ಅದರಲ್ಲಿ ಹಾಲೂ ಬೆಲ್ಲವೂ ಇದ್ದವೆಂದು ತಿಳಿದ ಲ್ಯಾಬಿನ ಹುಡುಗಿ ಸೂಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮಾರನೆಯ ದಿನ, ರಾತ್ರಿ ಎಂಟಕ್ಕೆ ಉಂಡದ್ದರ ಮೇಲೆ ನೀರು ಬಿಟ್ಟು ಬೇರೇನೂ ಮುಟ್ಟದೆ, ಪುನಃ ಹೋದೆವು.

ನನಗೆ ನಲವತ್ತಾರು, ಎತ್ತರ 154 ಸೆಂಟಿಮೀಟರ್, ತೂಕ 66 ಕಿಲೋ. ಓರಗಿತ್ತಿ ನನಗಿಂತ ಎಂಟು ಕಿಲೋ ಹೆಚ್ಚು, ಆದ್ದರಿಂದ ಮನೆಯಲ್ಲಿ ಎಲ್ಲರ ಕಾಳಜಿಯೂ ಅವಳದೇ. ನಾನು ಜೊತೆಗೆ ಹೋದವಳು. ಹಿಂದೆ ಬೇರೊಂದು ಕಡೆ ತೋರಿಸಿದಾಗಲೆಲ್ಲ "ಸ್ವಲ್ಪ ತೂಕ ಇಳಿಸಿ" ಎಂಬ ಒಂದೇ ಮಾತು ನನಗೆ ಸಿಕ್ಕಿತ್ತು. ಆ ಮಾತನ್ನು ಹೇಳಲು ವೈದ್ಯರೇ ಬೇಕೆಂದಿಲ್ಲ, ನಮ್ಮ ಅತ್ತೆಯೂ ಹೇಳುತ್ತಾರೆ.

ಈ ವೈದ್ಯೆ ಮಾತ್ರ ತೂಕದ ಯಂತ್ರವನ್ನು ಬೇಗ ಮುಗಿಸಿ, ಟೇಪು ತೆಗೆದುಕೊಂಡರು. ನೆರಿಗೆ ಸಡಿಲಿಸಿ ಲಂಗದ ಲಾಡಿ ಬಿಚ್ಚಬೇಕೆಂದಾಗ ಸಂಕೋಚವಾಯಿತು. ನನ್ನ ಸೊಂಟ ಮೂವತ್ತೆರಡು ಇಂಚು ಎಂದು ಟೈಲರ್ ಬರೆದುಕೊಂಡದ್ದನ್ನು ಹೇಳಿದೆ. ಅವರು ನಕ್ಕು, ಟೈಲರ್ ಅಳೆಯುವುದು ರವಿಕೆಯ ಅಂಚನ್ನು ಎಂದರು. ಕಡೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಹುಡುಕಿ, ಎರಡರ ನಡುವೆ ಟೇಪನ್ನು ನೇರವಾಗಿ ಸುತ್ತಿದರು. ನಾನು ತಿಳಿಯದೆಯೇ ಹೊಟ್ಟೆ ಒಳಗೆಳೆದುಕೊಂಡಿದ್ದೆ. "ಉಸಿರು ಬಿಡಿ" ಎಂದು ಕಾದು, ಬಿಟ್ಟ ಮೇಲೆ ಓದಿದರು: 86 ಸೆಂಟಿಮೀಟರ್. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಮಾನದಂಡದಲ್ಲಿ ಹೆಂಗಸರ ಸೊಂಟಕ್ಕೆ 88 ಸೆಂಟಿಮೀಟರ್ ಗಡಿ; ಕಡಿಮೆ ಸುತ್ತಳತೆಯಲ್ಲೇ ತೊಂದರೆ ಕಾಣಿಸಿಕೊಳ್ಳುವ ನಮ್ಮ ಕಡೆಯವರಿಗೆ ಆ ಗಡಿ 80.

ಸಂಜೆ ಬಂದ ವರದಿಯನ್ನು ನಾನೇ ಮೊದಲು ಓದಿ ನಿಶ್ಚಿಂತಳಾಗಿದ್ದೆ. ಒಟ್ಟು ಕೊಲೆಸ್ಟರಾಲ್ 186, ಸರಿಯಾಗಿಯೇ ಇತ್ತು. ಸಕ್ಕರೆ 108, ಪಕ್ಕದಲ್ಲಿ 70ರಿಂದ 110 ಎಂದು ಅಚ್ಚಾಗಿತ್ತು. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 41. ಅದರ ಪಕ್ಕದಲ್ಲಿ 40ಕ್ಕಿಂತ ಹೆಚ್ಚಿರಬೇಕೆಂದಿತ್ತು. ದಪ್ಪಕ್ಷರದಲ್ಲಿ ಇದ್ದದ್ದು ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 192 ಒಂದೇ. ವೈದ್ಯೆ ಪೆನ್ನು ಹಿಡಿದು ಇನ್ನೂ ಎರಡಕ್ಕೆ ಸುತ್ತು ಹಾಕಿದರು: ಎಚ್‌ಡಿಎಲ್ 40 ಎಂಬುದು ಗಂಡಸರ ಲೆಕ್ಕ, ಹೆಂಗಸರಿಗೆ 50 ಇರಬೇಕು, ಬೆಳಗಿನ ಸಕ್ಕರೆ 100 ಮುಟ್ಟಿದರೇ ಈ ಲೆಕ್ಕಕ್ಕೆ ಬರುತ್ತದೆ. ಮೆಟ್ಟಿಲು ಹತ್ತಿ ಬಂದಾಗಿನ ರಕ್ತದೊತ್ತಡವನ್ನು ಬಿಟ್ಟು, ಐದು ನಿಮಿಷ ಕೂರಿಸಿ ಮತ್ತೆ ನೋಡಿದ್ದರು. 134ಕ್ಕೆ 86 ಇತ್ತು, ಗಡಿ 130ಕ್ಕೆ 85. ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ರಕ್ತದೊತ್ತಡ, ಸಕ್ಕರೆ — ಈ ಐದರಲ್ಲಿ ಮೂರು ಗಡಿ ದಾಟಿದರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಅಪಾಯ ಹೆಚ್ಚಿಸುವ ತೊಂದರೆಗಳ ಗುಂಪು, ಎನ್ನುತ್ತಾರೆ. ನನ್ನವು ಐದೂ ದಾಟಿದ್ದವು. ಒಂದೊಂದನ್ನೇ ನೋಡಿದವರಿಗೆ ಎಲ್ಲವೂ "ಸ್ವಲ್ಪ ಹೆಚ್ಚು", "ಸ್ವಲ್ಪ ಕಡಿಮೆ" ಅಷ್ಟೆ. ಒಟ್ಟಿಗಿಟ್ಟು ಯಾರೂ ನೋಡಿರಲಿಲ್ಲ. ಹಾಗೆ ನೋಡದೆ ಹೋದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಓರಗಿತ್ತಿಯ ಸೊಂಟ 94. ಆದರೆ ಉಳಿದ ನಾಲ್ಕೂ ಗಡಿಯೊಳಗೇ ಇದ್ದವು. "ದಪ್ಪಗಿರೋದು ನಾನು, ಕಾಯಿಲೆ ನಿಮಗಾ ಅಕ್ಕಾ?" ಎಂದು ಅವಳು ನಗಲೂ ಆಗದೆ ಕೇಳಿದಳು. ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ಈ ತೊಂದರೆಗಳ ಗುಂಪಿಗೆ 'ಸಿಂಡ್ರೋಮ್ ಎಕ್ಸ್' ಎಂದು ಹೆಸರಿಟ್ಟಾಗ ಬೊಜ್ಜನ್ನು ಅದರಲ್ಲಿ ಸೇರಿಸಿರಲೇ ಇಲ್ಲವೆಂದೂ, ಇನ್ಸುಲಿನ್ನಿಗೆ ಮೈ ಸರಿಯಾಗಿ ಓಗೊಡದಿರುವುದೇ ಮೂಲವೆಂಬುದು ಅವರ ವಾದವಾಗಿತ್ತೆಂದೂ ವೈದ್ಯೆ ವಿವರಿಸಿದರು. ಹೊಟ್ಟೆಯೊಳಗೆ ಕರುಳು, ಯಕೃತ್ತುಗಳ ಸುತ್ತ ಕೂರುವ ಕೊಬ್ಬು ಹೆಚ್ಚು ಅಪಾಯದ್ದಂತೆ. ಅದನ್ನು ತಕ್ಕಡಿ ತೋರಿಸುವುದಿಲ್ಲ. ಹಾಗೆಂದು ಓರಗಿತ್ತಿಯನ್ನೂ ಬಿಡಲಿಲ್ಲ; ಪ್ರತಿವರ್ಷ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದರು.

ನನಗೆ ಸದ್ಯ ಮಾತ್ರೆ ಬರೆಯಲಿಲ್ಲ. ಕಡುಬು, ರೊಟ್ಟಿ, ಎರಡು ಹೊತ್ತಿನ ಅನ್ನ — ದಿನವಿಡೀ ಅಕ್ಕಿಯೇ ಆಗಿದ್ದ ತಟ್ಟೆಯಲ್ಲಿ ಕಾಳು, ಪಲ್ಯ ಹೆಚ್ಚಬೇಕು, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು, ಮೂರು ತಿಂಗಳ ಬಳಿಕ ಮತ್ತೆ ಬರಬೇಕು. ತೋಟ ಸುತ್ತುವುದು ನಡಿಗೆಯಲ್ಲವೇ ಎಂದದ್ದಕ್ಕೆ, ಮಾತಾಡುತ್ತಾ ನಿಂತು ನಿಂತು ಹೋಗುವುದು ಅಲ್ಲ ಎಂದರು. ಐದು ಅಂಕಿಗಳನ್ನೂ ಅಡಿಕೆ ಸುಲಿತದ ಕೂಲಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಟೇಪು ಈಗ ಹೊಲಿಗೆ ಡಬ್ಬಿಯಲ್ಲಿಲ್ಲ. ಓರಗಿತ್ತಿ ತನ್ನ ಕಪಾಟಿನಲ್ಲಿಟ್ಟುಕೊಂಡು, ಮನೆಗೆ ಬರುವ ನೆಂಟರ ಹೆಂಗಸರನ್ನೆಲ್ಲ ಒಳಕೋಣೆಗೆ ಕರೆಯುತ್ತಿದ್ದಾಳೆ.