ಗ್ಯಾಪ್ ತುಂಬಲು ಬಂದವನು

ಗದಗಿನ ನನ್ನ ಮೈಕ್ ಸೆಟ್ ಅಂಗಡಿಗೆ ಹೊಸ ಸ್ಪೀಕರ್ ಬಂದರೆ ಆಗೆಲ್ಲ ಮೊದಲು ಹಾಕುತ್ತಿದ್ದದ್ದು ಹಾಡಲ್ಲ, ಜಾನಿ ಲಿವರ್ ಕ್ಯಾಸೆಟ್. ಹಾಡು ಹಾಕಿದರೆ ಎಂಥ ಡಬ್ಬಾ ಸ್ಪೀಕರ್ ಆದರೂ ಢೋಲಕ್ ಸದ್ದಿನಲ್ಲಿ ತನ್ನ ಹುಳುಕು ಮುಚ್ಚಿಕೊಳ್ಳುತ್ತದೆ. ಮಾತು ಹಾಗಲ್ಲ. ಅದರಲ್ಲೂ ಈ ಮನುಷ್ಯನ ಮಾತು! ಈಗ ದಪ್ಪ ದನಿ, ಮರುಕ್ಷಣ ಕೀರಲು ದನಿ, ನಡುವೆ ಬಾಯಲ್ಲೇ ನಾನಾ ನಮೂನೆಯ ಸದ್ದು. ಕೀರಲು ಸದ್ದು ಹೊರಡಿಸುವ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ಸುಟ್ಟಿದ್ದರೆ ಅರ್ಧ ಜೋಕ್ ಹೊರಗೇ ಬರುತ್ತಿರಲಿಲ್ಲ. ಅಂಗಡಿ ಮುಂದೆ ನಿಂತವರು ನಕ್ಕರೆ ಸ್ಪೀಕರ್ ಪಾಸ್.

ಆ ಕ್ಯಾಸೆಟ್ಟಿನಿಂದಲೇ ನನಗೆ ಅವರ ಪರಿಚಯ. ಸಿನಿಮಾದಲ್ಲಿ ಮುಖ ನೋಡಿದ್ದು ಆಮೇಲೆ. ಪರದೆ ಮೇಲೆ ಅವರನ್ನು ಕಂಡಾಗ, ಅಯ್ಯೋ, ಇಷ್ಟು ಸಣ್ಣ ಆಳಾ ಅನ್ನಿಸಿತ್ತು.

ಜಾನಿ ಲಿವರ್ ಹುಟ್ಟಿದ್ದು 1957ರಲ್ಲಿ, ಆಂಧ್ರದ ಒಂದು ತೆಲುಗು ಕ್ರಿಶ್ಚಿಯನ್ ಮನೆಯಲ್ಲಿ. ಬೆಳೆದದ್ದು ಮುಂಬೈನ ಧಾರಾವಿ ಭಾಗದಲ್ಲಿ. ಅಸಲಿ ಹೆಸರು ಜಾನ್ ಪ್ರಕಾಶ್ ರಾವ್. ಮನೆಯಲ್ಲಿ ದುಡ್ಡಿನ ತಾಪತ್ರಯ. ಏಳನೇ ಕ್ಲಾಸಿಗೇ ಶಾಲೆ ಬಂದ್. ರಸ್ತೆಯಲ್ಲಿ ಪೆನ್ನು ಮಾರಿದರು. ಸುಮ್ನೆ ಕೂಗಿ ಮಾರಲಿಲ್ಲ, ಸಿನಿಮಾ ಹೀರೋಗಳ ದನಿ ತೆಗೆದು, ಅವರ ಹಾಗೆ ಕುಣಿದು ಮಾರಿದರು. ಆಮೇಲೆ ಅಪ್ಪ ದುಡಿಯುತ್ತಿದ್ದ ಹಿಂದೂಸ್ತಾನ್ ಲಿವರ್ ಕಾರ್ಖಾನೆಗೇ ಸೇರಿದರು. ಅಲ್ಲಿನ ಒಂದು ಸಮಾರಂಭದಲ್ಲಿ ದೊಡ್ಡ ಸಾಹೇಬರುಗಳ ಮಿಮಿಕ್ರಿ ಮಾಡಿಬಿಟ್ಟರು. ಕೆಲಸಗಾರರಿಗೆ ಎಷ್ಟು ಖುಷಿಯಾಯಿತೆಂದರೆ ಕಂಪನಿಯ ಹೆಸರನ್ನೇ ತಗಲಿಸಿ 'ಜಾನಿ ಲಿವರ್' ಅಂದರು. ಪುಕ್ಕಟೆ ಇಷ್ಟು ಪ್ರಚಾರ ಕೊಟ್ಟ ಕೆಲಸಗಾರ ಆ ಕಂಪನಿಗೆ ಇನ್ನೊಬ್ಬ ಸಿಕ್ಕಿರಲಿಕ್ಕಿಲ್ಲ.

1981ರಲ್ಲಿ ಆ ನೌಕರಿ ಬಿಟ್ಟರು. ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ-ಆನಂದ್‌ಜಿ ಅವರ ಸ್ಟೇಜ್ ಶೋಗಳಲ್ಲಿ ನಗಿಸುವ ಕೆಲಸ ಹಿಡಿದರು. 1982ರಲ್ಲಿ ಅಮಿತಾಭ್ ಬಚ್ಚನ್ ತಂಡದ ಜೊತೆ ವಿದೇಶ ಪ್ರವಾಸಕ್ಕೂ ಹೋದರು. ಇಲ್ಲಿಂದ ಮುಂದಿನ ಕಥೆ ನನ್ನಂಥ ಸೌಂಡ್‌ನವನಿಗೆ ಬೇಗ ಅರ್ಥವಾಗುತ್ತದೆ. ಹಾಡಿನ ಕಾರ್ಯಕ್ರಮದಲ್ಲಿ ನಗಿಸುವವನ ಜಾಗ ಯಾವುದು ಅಂತ ಮಿಕ್ಸರ್ ಹಿಂದೆ ಕೂತವನಿಗೆ ಗೊತ್ತಿರುತ್ತದೆ.

ನಮ್ಮ ಕಡೆ ಗಣಪತಿ ಹಬ್ಬ ಬಂತೆಂದರೆ ಗದಗ, ಹುಬ್ಬಳ್ಳಿ, ಹಾವೇರಿ ಎಲ್ಲ ಕಡೆ ರಸಮಂಜರಿ. ರಸಮಂಜರಿ ಅಂದರೆ ಹಾಡು. ಡ್ರಮ್ಸ್, ಕೀಬೋರ್ಡ್, ಪ್ಯಾಡ್, ಇಬ್ಬರು ಗಾಯಕರು, ಒಬ್ಬ ಗಾಯಕಿ. ಮಿಮಿಕ್ರಿಯವನೂ ಅದೇ ಗಾಡಿಯಲ್ಲಿ ಬರುತ್ತಿದ್ದ, ಆದರೆ ಹಾಡಿನ ಪಟ್ಟಿಯಲ್ಲಿ ಅವನಿಗೆ ಜಾಗ ಇರುತ್ತಿರಲಿಲ್ಲ. ಗಾಯಕಿ ಸೀರೆ ಬದಲಿಸಬೇಕು, ಕೀಬೋರ್ಡ್‌ನವನು ಚಹಾ ಕುಡಿಯಬೇಕು, ಕರೆಂಟ್ ಹೋಗಿ ಜನರೇಟರ್ ಚಾಲೂ ಆಗಬೇಕು. ಆಗ ಅವನನ್ನು ಮುಂದೆ ತಳ್ಳುತ್ತಿದ್ದರು. 'ಹೋಗೋ ತಮ್ಮಾ, ಸ್ವಲ್ಪ ಗ್ಯಾಪ್ ತುಂಬು.'

ರಾಜ್‌ಕುಮಾರ್, ವಜ್ರಮುನಿ, ಶಂಕರ್‌ನಾಗ್ ಎಲ್ಲ ಮಿಮಿಕ್ರಿಯವರೂ ಮಾಡುತ್ತಿದ್ದರು. ನಾನು ಜಾಸ್ತಿ ಹೋಗುತ್ತಿದ್ದ ತಂಡದ ಹುಡುಗನ ಖಾಸ್ ಐಟಂ ಬೇರೆ. ಗದಗ ಬಸ್ ಸ್ಟ್ಯಾಂಡಿನ ಕಂಡಕ್ಟರ್ ಮತ್ತು ಒಬ್ಬ ಮುದುಕಿ. 'ಹುಬ್ಬಳ್ಳಿ ಹುಬ್ಬಳ್ಳಿ ಹುಬ್ಬಳ್ಳಿ! ನಾನ್‌ಸ್ಟಾಪ್ ಐತಿ, ಅಣ್ಣಿಗೇರಿ ಮಂದಿ ಹತ್ತಬ್ಯಾಡ್ರಿ!' ಅಂತ ಕಂಡಕ್ಟರ್. ಬಸ್ ಹೊರಟ ಮೇಲೆ ಹಿಂದಿನ ಸೀಟಿನಿಂದ ಮುದುಕಿ. 'ಯಪ್ಪಾ, ಅಣ್ಣಿಗೇರ್ಯಾಗ ನಿಂದರಸಬ್ಯಾಡ. ಬರೇ ಸಾವಕಾಶ ಹೊಡಿ, ನಾ ಜಿಗೀತೀನಿ.' ಬಸ್ಸಿನ ಗೇರ್ ಬದಲಾಗುವ ಸದ್ದನ್ನೂ ಬಾಯಲ್ಲೇ ತೆಗೆಯುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಕಮಿಟಿಯವರು ಯಾರಾದರೂ ಓಡಿ ಬಂದು ನನ್ನ ಕಿವಿಯಲ್ಲಿ, 'ಸೌಂಡ್ ಅಣ್ಣಾರ, ಅವನ ಮೈಕ್ ಇಳಸ್ರಿ, ಮೇಡಂ ರೆಡಿ ಆಗ್ಯಾರ.'

ಹಾಗಾಗಿ ಆ ಹುಡುಗ ಒಂದು ಉಪಾಯ ಕಲಿತಿದ್ದ. ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಹಾಗೆ ಜೋಕ್ ಕಟ್ಟುತ್ತಿದ್ದ. ಮೊದಲ ಮಾತಿಗೇ ನಗು ಬರಬೇಕು, ಮೂರನೇ ಮಾತಿಗೂ ಬರಬೇಕು, ಮೈಕ್ ಯಾವಾಗ ಹೋದರೂ ಲುಕ್ಸಾನು ಆಗಬಾರದು. ಗ್ಯಾಪ್ ತುಂಬುವವನಿಗೆ ಪೀಠಿಕೆ ಹಾಕುವಷ್ಟು ಪುರುಸೊತ್ತು ಎಲ್ಲಿರುತ್ತದೆ? ಜಾನಿ ಲಿವರ್ ಕ್ಯಾಸೆಟ್ ಮತ್ತೆ ಕೇಳಿದಾಗ ಅಲ್ಲೂ ಇದೇ ಕಸುಬು ಕಾಣಿಸಿತು.

1986ರಲ್ಲಿ 'ಹೋಪ್ 86' ಅಂತ ಒಂದು ಸಹಾಯಾರ್ಥ ಶೋ ನಡೆಯಿತು. ಹಿಂದಿ ಸಿನಿಮಾ ಮಂದಿ ಎದುರಿಗೇ ಇದ್ದರು. ಜಾನಿ ಲಿವರ್ ಅಲ್ಲಿ ವೇದಿಕೆ ಹತ್ತಿದ್ದೂ ನಡುವಿನ ಗ್ಯಾಪ್ ತುಂಬಲಿಕ್ಕೇ! ಜನ ಎಷ್ಟು ಮೆಚ್ಚಿದರೆಂದರೆ ಗುಲ್ ಆನಂದ್ ಅನ್ನುವ ನಿರ್ಮಾಪಕರು ನಾಸಿರುದ್ದೀನ್ ಷಾ ಅವರ 'ಜಲ್ವಾ' ಸಿನಿಮಾಕ್ಕೆ ಕರೆದರು. ಅದಕ್ಕೂ ಮೊದಲು ಸುನಿಲ್ ದತ್ ಅವರ 'ದರ್ದ್ ಕಾ ರಿಶ್ತಾ'ದಲ್ಲಿ ಸಣ್ಣ ಪಾತ್ರ ಸಿಕ್ಕಿತ್ತು. ಆದರೆ ಸಿನಿಮಾದವರು ತಾವಾಗಿ ಹುಡುಕಿಕೊಂಡು ಬರುವ ಹಾಗೆ ಮಾಡಿದ್ದು ಆ ರಾತ್ರಿಯ ಗ್ಯಾಪ್.

ಮನೆಮನೆಗೆ ಮುಟ್ಟಿಸಿದ್ದು 1993ರ 'ಬಾಜಿಗರ್'. ಆ ಸಿನಿಮಾ ನೋಡಿದವರಿಗೆ ಗೊತ್ತು, ನಾಯಕ ನಂಬಿದ ಹುಡುಗಿಯನ್ನೇ ಮಹಡಿಯಿಂದ ತಳ್ಳುತ್ತಾನೆ. ಅಂಥ ಕಥೆಯ ನಡುವೆ ಮರೆವಿನ ಆಳು ಬಾಬುಲಾಲ್ ಬಂದು ಜನರಿಗೆ ಉಸಿರು ಬಿಡಲು ಜಾಗ ಮಾಡಿಕೊಡುತ್ತಾನೆ. ಮುಂದೆ 'ದೀವಾನಾ ಮಸ್ತಾನಾ', 'ದುಲ್ಹೇ ರಾಜಾ' ಚಿತ್ರಗಳಿಗೆ ಫಿಲಂಫೇರ್ ಹಾಸ್ಯನಟ ಪ್ರಶಸ್ತಿ ಬಂತು. ಸಿನಿಮಾ ಮೇಲೆ ಸಿನಿಮಾ ಬಂತು.

ಇಲ್ಲಿ ನನ್ನದೊಂದು ತಕರಾರಿದೆ. ಸಿನಿಮಾ ಅವರನ್ನು ಸ್ಟಾರ್ ಮಾಡಿತು ನಿಜ, ಆದರೆ ಕೂರಿಸಿದ್ದು ಮತ್ತೆ ಗ್ಯಾಪಿನಲ್ಲೇ. ಎರಡು ಹಾಡಿನ ನಡುವೆ ಇದ್ದವರು ಎರಡು ಫೈಟಿನ ನಡುವೆ ಬಂದರು, ಅಷ್ಟೇ. ಅದಕ್ಕಿಂತ ನನಗೆ ಕಾಡುವುದು ಬೇರೆ. ಟಾಕೀಸಿನಲ್ಲಿ ಒಂದು ಜೋಕಿಗೆ ಜನ ನಗುತ್ತಿರುವಾಗಲೇ ಮುಂದಿನ ಮಾತು ಬಂದುಬಿಡುತ್ತಿತ್ತು. ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ರೀಲು ಯಾರಿಗೂ ಕಾಯುವುದಿಲ್ಲ ಅಲ್ವಾ? ವೇದಿಕೆ ಮೇಲೆ ಹಾಗಾಗುವುದಿಲ್ಲ. ಒಳ್ಳೆಯ ಹಾಸ್ಯಗಾರ ನಗು ಏರುವವರೆಗೆ ಸುಮ್ಮನಿದ್ದು, ಇಳಿಯತೊಡಗಿದಾಗ ಸರಿಯಾಗಿ ಮುಂದಿನ ಮಾತು ಬಿಡುತ್ತಾನೆ. ಆ ಸುಮ್ಮನಿರುವಿಕೆಯಲ್ಲೇ ಅರ್ಧ ವಿದ್ಯೆ ಇದೆ. ಅಂಥ ಹೊತ್ತಲ್ಲಿ ನಾನು ಮೈಕಿನ ವಾಲ್ಯೂಮ್ ಮುಟ್ಟುವುದಿಲ್ಲ.

ನಮ್ಮವರ ಉದಾಹರಣೆ ಬೇಕೆಂದರೆ ಬೀದರ್ ಕಡೆಯ ವೈಜನಾಥ ಬಿರಾದಾರ. ಎಷ್ಟು ಸಿನಿಮಾದಲ್ಲಿ ಭಿಕ್ಷುಕನಾಗಿ, ಕುಡುಕನಾಗಿ ಬಂದು ನಗಿಸಿ ಹೋಗಿದ್ದಾರೋ! ಗಿರೀಶ್ ಕಾಸರವಳ್ಳಿ 2010ರ 'ಕನಸೆಂಬ ಕುದುರೆಯನೇರಿ'ಯಲ್ಲಿ ಅವರಿಗೆ ಗ್ಯಾಪ್ ಬದಲು ಪೂರ್ತಿ ಸಿನಿಮಾ ಕೊಟ್ಟರು. ಹೆಣ ಹೂಳಲು ಕುಣಿ ತೋಡುವ ಈರ್‍ಯಾನ ಪಾತ್ರ. ಅದಕ್ಕೆ ಸ್ಪೇನಿನ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಗ್ಯಾಪಿನ ಲೆಕ್ಕವನ್ನು ಉಲ್ಟಾ ಮಾಡಿದ್ದು ಟಿ.ವಿ. 2005ರಲ್ಲಿ ಶುರುವಾದ 'ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್'ನಲ್ಲಿ ಹಾಡೂ ಇಲ್ಲ, ಫೈಟೂ ಇಲ್ಲ, ಬರೀ ನಗಿಸುವವರು. ಅಲ್ಲಿ ಜಡ್ಜ್ ಆಗಿ ಕೂತು ಅಬ್ಬರಿಸಿ ನಗುತ್ತಿದ್ದ ನವಜೋತ್ ಸಿಂಗ್ ಸಿಧು 2022ರ ಪಂಜಾಬ್ ಚುನಾವಣೆಯಲ್ಲಿ ಸೋತರು, ಅದೇ ಶೋನಲ್ಲಿ ಜೋಕ್ ಹೇಳಿದ್ದ ಭಗವಂತ್ ಮಾನ್ ಮುಖ್ಯಮಂತ್ರಿಯಾದರು. ಇದನ್ನು ಯಾವ ಕಾಮಿಡಿ ಬರೆಯುವವನೂ ಬರೆಯಲಾರ. 2007ರಲ್ಲಿ ಆ ಸ್ಪರ್ಧೆ ಗೆದ್ದವರು ಅಮೃತಸರದ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಮಗ ಕಪಿಲ್ ಶರ್ಮಾ. 2013ರಲ್ಲಿ ಸ್ವಂತ ಶೋ ಶುರು ಮಾಡಿದರು. ಅಲ್ಲಿಗೆ ದೊಡ್ಡ ದೊಡ್ಡ ಹೀರೋಗಳು ತಮ್ಮ ಸಿನಿಮಾ ಪ್ರಚಾರಕ್ಕೆ ಬಂದು ಸೋಫಾ ಮೇಲೆ ಕೂತು ನಗತೊಡಗಿದರು. ಕಪಿಲ್ ಸಿನಿಮಾದಲ್ಲಿ ನಾಯಕನೂ ಆದರು, ಆದರೆ ಸಿನಿಮಾ ಅವರಿಗೆ ಟಿ.ವಿ.ಯಷ್ಟು ಒಲಿಯಲಿಲ್ಲ ಅಂತ ನನಗನ್ನಿಸುತ್ತದೆ.

ಕನ್ನಡದಲ್ಲೂ ಇದೇ ಗಾಳಿ ಬೀಸಿತು. 2016ರಲ್ಲಿ 'ಕಾಮಿಡಿ ಕಿಲಾಡಿಗಳು' ಬಂತು. ಮೊದಲ ಸಲ ಗೆದ್ದ ಶಿವರಾಜ್ ಕೆ.ಆರ್. ಪೇಟೆ ಈಗ ಸಿನಿಮಾದಲ್ಲಿ ಕಾಣಿಸುತ್ತಾರೆ. 'ಮಜಾ ಭಾರತ'ದಲ್ಲಿ ನಗಿಸುತ್ತಿದ್ದ ಮಂಜು ಪಾವಗಡ 2021ರಲ್ಲಿ ಬಿಗ್ ಬಾಸ್ ಗೆದ್ದರು. ಹಳ್ಳಿ ಹುಡುಗರಿಗೆ ಬಾಗಿಲು ತೆರೆಯಿತಲ್ಲ, ಸಂತೋಷವೇ. ಆದರೆ ಟಿ.ವಿ. ಸ್ಕಿಟ್‌ಗಳಲ್ಲಿ ನಮ್ಮ ಕಡೆಯವರ ಪಾತ್ರ ಬಂದಾಗ ಒಂದು ಚಾಳಿ ನೋಡುತ್ತೇನೆ. ಜೋಕ್ ಇರುವುದೇ ಇಲ್ಲ. 'ಏನ್ ಮಾಡಾಕತ್ತೀರಿ' ಅಂದರೆ ಸಾಕು, ಹಿಂದಿನಿಂದ ನಗುವಿನ ಸದ್ದು ಬಿಡುತ್ತಾರೆ. ಯಾಕ್ರಿ? ನಾವು ದಿನಾ ಮಾತಾಡುವುದೇ ಹಾಗೆ. ಅದರಲ್ಲಿ ನಗುವಂಥದ್ದು ಏನಿದೆ?

ಅಂಥವರು ಒಮ್ಮೆ ಗಂಗಾವತಿ ಪ್ರಾಣೇಶ್ ಅವರ ಕಾರ್ಯಕ್ರಮಕ್ಕೆ ಬಂದು ಕೂರಬೇಕು. ಬೀಚಿ ಅವರನ್ನು ಗುರು ಅಂತ ತಿಳಿದು ಬೆಳೆದವರು. ವಾದ್ಯ ಇಲ್ಲ, ಲೈಟಿನ ಆಟ ಇಲ್ಲ, ಒಂದು ಮೈಕು. ನಮ್ಮದೇ ಭಾಷೆ, ನಮ್ಮದೇ ಮಂದಿ, ಆದರೆ ನಗು ಬರುವುದು ಮಾತಿನಿಂದಲ್ಲ, ಮನುಷ್ಯರ ಬುದ್ಧಿಯಿಂದ. ಅವರು ಯಾರ ಗ್ಯಾಪನ್ನೂ ತುಂಬಲು ಬಂದವರಲ್ಲ. ಸೌಂಡ್‌ನವನಿಗೆ ಇಂಥ ಕಾರ್ಯಕ್ರಮ ರಸಮಂಜರಿಗಿಂತ ಕಷ್ಟ, ಗೊತ್ತಾ? ಒಂದೇ ಒಂದು ಸಲ ಮೈಕ್ ಸೀಟಿ ಹೊಡೆದರೂ ಜೋಕ್ ಸತ್ತಿತು, ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ.

ಬಸ್ ಕಂಡಕ್ಟರ್ ಮಿಮಿಕ್ರಿ ಮಾಡುತ್ತಿದ್ದ ಹುಡುಗ ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ವ್ಯಾಪಾರ ಚೆನ್ನಾಗಿದೆ. ಗಿರಾಕಿ ಜಾಸ್ತಿ ಚೌಕಾಸಿ ಮಾಡಿದರೆ ವಜ್ರಮುನಿ ದನಿ ತೆಗೆಯುತ್ತಾನಂತೆ.

ಹೋದ ಗಣಪತಿ ಹಬ್ಬದಲ್ಲಿ ಒಂದು ಓಣಿಯವರು ಟಿ.ವಿ. ಕಾಮಿಡಿಯ ಇಬ್ಬರನ್ನು ಬೆಂಗಳೂರಿನಿಂದ ಕರೆಸಿದ್ದರು. ಮೈದಾನ ತುಂಬಿತ್ತು. ಹೊತ್ತು ಮೀರುತ್ತಿತ್ತು, ಅವರ ಸುಳಿವಿಲ್ಲ. ಕಮಿಟಿ ಅಧ್ಯಕ್ಷರು ಫೋನ್ ಕಿವಿಗೆ ಹಿಡಿದುಕೊಂಡೇ ಗಾಯಕಿಯ ಹತ್ತಿರ ಬಂದರು. 'ಮೇಡಂ, ಅವರ ಕಾರು ಇನ್ನೂ ಹಾವೇರಿ ದಾಟಿಲ್ಲಂತ. ಅಲ್ಲೀ ತನಕ ಎರಡು ಹಾಡು ಹಾಡಿ ಗ್ಯಾಪ್ ತುಂಬ್ರಿ.' ಗಾಯಕಿ ಅವರನ್ನೊಮ್ಮೆ ದುರುಗುಟ್ಟಿ ನೋಡಿ, ನನ್ನ ಕಡೆ ತಿರುಗಿ, 'ಅಣ್ಣಾ, ಎಕೋ ಸ್ವಲ್ಪ ಜಾಸ್ತಿ ಮಾಡ್ರಿ' ಅಂದರು.