ಹೀರೋ ಸುಮ್ನಿದ್ದಾಗ ಏನು ಮಾಡ್ತಾನೆ?

ಹೋದ ಭಾನುವಾರ ತಿಂಡಿ ಹೊತ್ತಿಗೆ ತಮ್ಮನ ಜೊತೆ ಮತ್ತೆ ಜಗಳ. ವಿಷಯ ಹಳೆಯದೇ. ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿಗೆ ರಾಷ್ಟ್ರ ಪ್ರಶಸ್ತಿ ಬಂತಲ್ಲ, ಅದು ಇಡೀ ಪಾತ್ರಕ್ಕೆ ಬಂದಿದ್ದೋ ಇಲ್ಲಾ ಕೊನೆಯ ಇಪ್ಪತ್ತು ನಿಮಿಷಕ್ಕೋ? “ಕೊಟ್ಟು ಆಯ್ತಲ್ಲ, ಈಗ ನಿಮಗೇನ್ರೋ?” ಅಂತ ಅಮ್ಮ ಇನ್ನೆರಡು ಇಡ್ಲಿ ಹಾಕಿ ಒಳಗೆ ಹೋದರು.

ನಾನು ಕೊನೆಯ ಇಪ್ಪತ್ತು ನಿಮಿಷದ ಪಾರ್ಟಿ. 2022ರಲ್ಲಿ ಥಿಯೇಟರಲ್ಲಿ ನೋಡುವಾಗ ಗುಳಿಗ ದೈವದ ಆ ಕೂಗು ಬಂತು ನೋಡಿ, ಹಿಂದಿನ ಸಾಲಲ್ಲಿ ಅಲ್ಲಿಯವರೆಗೆ ಫೋನಲ್ಲಿ ಮಾತಾಡುತ್ತಿದ್ದವನೂ ಬಾಯಿ ಮುಚ್ಚಿದ. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರೋದು ಕೂಗಲ್ಲ. ಅದಾದ ಮೇಲೆ ದೈವದ ಕೋಲದಲ್ಲಿ ಊರವರನ್ನೂ ಫಾರೆಸ್ಟ್ ಆಫೀಸರ್ ಮುರಳಿಯನ್ನೂ ಹತ್ತಿರ ಕರೆದು, ಎಲ್ಲರ ಕೈ ಸೇರಿಸಿ ಎದೆಗೆ ಒತ್ತಿಕೊಳ್ಳುತ್ತಾರಲ್ಲ, ಒಂದು ಮಾತಿಲ್ಲದೆ, ಅದು. ಅಲ್ಲಿ ನಾನು ಅತ್ತೆ. ಅದಕ್ಕೂ ಮುಂಚಿನ ಶಿವ, ಅಂದರೆ ರಿಷಬ್ ಪಾತ್ರ, ಮಾತ್ರ ನನಗೆ ಅಷ್ಟಕ್ಕಷ್ಟೇ. ಕಂಬಳದ ಓಟ ಚೆನ್ನಾಗಿದೆ, ಸರಿ. ಆದರೆ ನಾಯಕಿ ಲೀಲಾಳ ಸೊಂಟ ಚಿವುಟೋದನ್ನೆಲ್ಲ ತಮಾಷೆ ಅಂತ ತೋರಿಸಿದಾಗ ಪಕ್ಕದಲ್ಲಿ ಕೂತಿದ್ದ ತಂಗಿಯ ಮುಖ ನೋಡೋಕೆ ಆಗಲಿಲ್ಲ.

ನನ್ನದೊಂದು ಅಳತೆ ಇದೆ. ಡೈಲಾಗ್ ಇಲ್ಲದಿದ್ದಾಗ ಹೀರೋ ಏನು ಮಾಡ್ತಾನೆ? ಎದುರಿಗಿರೋರು ಮಾತಾಡುವಾಗ ನಿಜವಾಗಿ ಕೇಳಿಸಿಕೊಳ್ತಾನಾ, ಇಲ್ಲಾ ತನ್ನ ಸರದಿಗೆ ಕಾಯ್ತಾ ನಿಂತಿರ್ತಾನಾ?

ಈ ಅಳತೆಯಲ್ಲಿ ಯಶ್ ಎಲ್ಲಿ ಬರ್ತಾರೆ ಅಂದರೆ ತಮ್ಮ ತಟ್ಟೆ ಬಿಟ್ಟು ಏಳ್ತಾನೆ. ‘ಕೆಜಿಎಫ್’ನಲ್ಲಿ ರಾಕಿಯನ್ನು ಬೇರೆಯವರೇ ಹೊಗಳುತ್ತಾ ಇರ್ತಾರೆ, ಅವನು ಬಂದು ನಿಂತರೆ ಸಾಕು. ಹಾಗೆ ನಿಲ್ಲೋದಕ್ಕೂ ತಾಕತ್ತು ಬೇಕು, ಇಲ್ಲ ಅನ್ನಲ್ಲ. ಆದರೆ ನನಗೆ ಇಷ್ಟವಾದ ಯಶ್ ಮೊದಲ ಭಾಗದವರು, ಅದರಲ್ಲೂ ನರಾಚಿಯ ಗಣಿಯೊಳಗೆ ಗುಲಾಮರ ಮಧ್ಯೆ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಲೆಕ್ಕ ಹಾಕುತ್ತಾ ಓಡಾಡುವವರು. ಅಲ್ಲಿ ಕಣ್ಣು ಕೆಲಸ ಮಾಡುತ್ತೆ. ಎರಡನೇ ಭಾಗದಲ್ಲಿ ಬಿಡಿ, ಮಾತೆಲ್ಲ ‘ದೊಡ್ಡಮ್ಮ’ ಅನ್ನೋ ಮಷಿನ್ ಗನ್‌ನದೇ.

ರಾಜ್ ಬಿ. ಶೆಟ್ಟಿ ವಿಷಯದಲ್ಲಿ ಮಾತ್ರ ಮನೇಲಿ ಜಗಳವಿಲ್ಲ. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ತಲೆಕೂದಲಿಲ್ಲ, ಮದುವೆಯಾಗ್ತಿಲ್ಲ ಅಂತ ಒದ್ದಾಡುವ ಆ ಪಾಪದ ಕನ್ನಡ ಮೇಷ್ಟ್ರು, ನಾಲ್ಕೇ ವರ್ಷಕ್ಕೆ ‘ಗರುಡ ಗಮನ ವೃಷಭ ವಾಹನ’ದಲ್ಲಿ ಮಂಗಳೂರಿನ ಮಂಗಳಾದೇವಿ ಏರಿಯಾದ ರೌಡಿ ಶಿವ ಆಗಿ ಬಂದರೆ ಯಾರು ನಂಬ್ತಾರೆ? ಜಾಸ್ತಿ ಮಾತೇ ಇಲ್ಲ. ಮಾತೆಲ್ಲ ಹರಿಗೆ, ಅಂದರೆ ರಿಷಬ್‌ಗೆ. ಶಿವ ಹುಡುಗರ ಜೊತೆ ಕ್ರಿಕೆಟ್ ಆಡುವಾಗ ಇರೋ ಮುಖವೇ ಹೊಡೆಯೋಕೆ ಹೋಗುವಾಗಲೂ ಇರುತ್ತೆ, ನನಗೆ ಹೆದರಿಕೆ ಆಗಿದ್ದು ಅದಕ್ಕೇ. (ಇನ್ನೊಂದು ಗಮನಿಸಿದಿರಾ? ರಿಷಬ್, ರಾಜ್, ರಕ್ಷಿತ್, ಮೂವರು ಶೆಟ್ಟರೂ ಒಂದೊಂದು ಸಲ ಶಿವ ಆಗಿದ್ದಾರೆ.)

‘ಸಪ್ತ ಸಾಗರದಾಚೆ ಎಲ್ಲೋ’ ಬಗ್ಗೆ ಹೇಳಿದರೆ ಬೈಸಿಕೊಳ್ತೀನಿ, ಆದರೂ ಹೇಳಿಬಿಡ್ತೀನಿ. ರಕ್ಷಿತ್ ಕಷ್ಟಪಟ್ಟಿದ್ದಾರೆ, ಎರಡನೇ ಭಾಗ ಸೈಡ್ ಬಿ ಹೊತ್ತಿಗೆ ಮೈಕಟ್ಟನ್ನೇ ಬದಲಾಯಿಸಿಕೊಂಡಿದ್ದಾರೆ. ಆದರೆ ಆ ಸಿನಿಮಾ ರುಕ್ಮಿಣಿ ವಸಂತ್ ಅವರದು. ಮನು ಮಾಡದ ತಪ್ಪಿಗೆ ಜೈಲಿಗೆ ಹೋದ ಮೇಲೆ ಅವನು ಎಷ್ಟು ನರಳಿದ ಅನ್ನೋದಕ್ಕಿಂತ ಪ್ರಿಯಾ ಅದನ್ನು ಹೇಗೆ ನುಂಗಿಕೊಂಡಳು ಅನ್ನೋದೇ ನನಗೆ ಮುಖ್ಯವಾಯ್ತು.

ರಕ್ಷಿತ್ ಶಿವ ಆಗಿದ್ದು ‘ಸಪ್ತ ಸಾಗರ’ ನಿರ್ದೇಶಿಸಿದ ಅದೇ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ನಲ್ಲಿ, 2016ರಲ್ಲಿ. ಅನಂತ್ ನಾಗ್ ಮರೆವಿನ ಕಾಯಿಲೆಯ ವೆಂಕೋಬ ರಾವ್, ಕಾಣೆಯಾಗ್ತಾರೆ, ಮಗ ಹುಡುಕ್ತಾನೆ. ಅಷ್ಟೇ ಕಥೆ, ಮಧ್ಯೆ ಒಂದಿಷ್ಟು ರೌಡಿಗಳು. ಈ ಸಿನಿಮಾ ಬಗ್ಗೆ ನಾನು ನ್ಯಾಯವಾಗಿ ಮಾತಾಡಲಾರೆ. ನಮ್ಮ ಅಜ್ಜ ಕೊನೆಯ ಎರಡು ವರ್ಷ ನನ್ನನ್ನು ಚಿಕ್ಕಪ್ಪನ ಹೆಸರಲ್ಲಿ ಕರೀತಿದ್ದರು. ಕೆಲವು ದಿನ ಅದೂ ಇಲ್ಲ. ಆಗ ಒಂದು ನಗು ನಗ್ತಿದ್ದರು, ಯಾರು ಅಂತ ಗೊತ್ತಿಲ್ಲ, ಆದರೆ ಮನೆಗೆ ಬಂದವರಿಗೆ ಬೇಜಾರಾಗಬಾರದು ಅನ್ನೋ ಥರದ್ದು. ನಗುತ್ತಲೇ “ಊಟ ಆಯ್ತಾ?” ಅಂತಿದ್ದರು, ಹತ್ತು ನಿಮಿಷಕ್ಕೆ ಮೂರು ಸಲ. ಅನಂತ್ ನಾಗ್ ಮುಖದಲ್ಲಿ ನಾನು ಆ ನಗುವನ್ನೇ ನೋಡಿದೆ. ಅಪ್ಪ ಸಿನಿಮಾ ಮಧ್ಯೆ ಎದ್ದು ನೀರು ಕುಡಿಯೋಕೆ ಅಂತ ಅಡುಗೆಮನೆಗೆ ಹೋದವರು ತುಂಬಾ ಹೊತ್ತು ಬರಲಿಲ್ಲ. ನಾವೂ ಕರೆಯಲಿಲ್ಲ.

ಅದೇ ವರ್ಷ ನಮ್ಮಲ್ಲಿ ತೆರೆಗೆ ಬಂದ ‘ತಿಥಿ’ಯನ್ನು ತಮ್ಮ ಇನ್ನೂ ನೋಡಿಲ್ಲ. ಮಂಡ್ಯ ಕಡೆಯ ಹಳ್ಳಿಯವರೇ, ಹಿಂದೆಂದೂ ನಟನೆ ಮಾಡದವರು, ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಸಿನಿಮಾವನ್ನು ಹೊತ್ತುಕೊಂಡು ಹೋಗಿದ್ದಾರೆ. ಗಡ್ಡಪ್ಪ ಸುಮ್ನೆ ನಡೀತಾನೆ, ಕುಡೀತಾನೆ, ಮತ್ತೆ ನಡೀತಾನೆ. ಒಂದು ರಾತ್ರಿ ಕುರಿಗಾಹಿಗಳ ಜೊತೆ ಬೆಂಕಿ ಮುಂದೆ ಕೂತು ತನ್ನ ಹಳೆಯ ಕಥೆ ಹೇಳ್ತಾನೆ, ಯಾರದೋ ಕಥೆ ಅನ್ನೋ ಹಾಗೆ. ಆ ದನಿಗೆ ನಾನು ಹತ್ತು ಕ್ಲೈಮ್ಯಾಕ್ಸ್ ಬಿಟ್ಟುಕೊಡ್ತೀನಿ. “ಅವರು ನಟರೇ ಅಲ್ಲವಲ್ಲ, ಲೆಕ್ಕಕ್ಕೆ ಬರಲ್ಲ” ಅಂತಾನೆ ತಮ್ಮ.

ಮುಂದಿನ ಭಾನುವಾರ ಹಾಕ್ತೀನಿ, ಕೂತು ನೋಡು ಅಂದಿದ್ದೇನೆ. ಅಮ್ಮನದೇ ತಕರಾರು. ರಜೆ ದಿನ ಬೆಳಿಗ್ಗೆ ಬೆಳಿಗ್ಗೆ ಮನೇಲಿ ಯಾರದ್ದೋ ತಿಥಿ ಯಾಕೆ, ಸಂಜೆ ಹಾಕ್ಕೊಳ್ಳಿ ಅಂತಾರೆ.